ಪಾಚಿ ತೊಳೆದ ಚಿತ್ರ

ಹಸಿರು ಬಣ್ಣ ತರಲು ಅಂಗಡಿಗೆ ಹೋಗಿದ್ದ ತಂಗಿ ಮರಳಿ ಬಂದು ಬಾಗಿಲು ತಳ್ಳಿದರೆ, ಅಣ್ಣ ಮೊಣಕಾಲೂರಿ ಕೂತು ಅವಳ ಚಿತ್ರವನ್ನು ಒದ್ದೆ ಬಟ್ಟೆಯಲ್ಲಿ ತಿಕ್ಕುತ್ತಿದ್ದ. ಪಕ್ಕದ ಬಕೆಟ್ಟಿನ ನೀರೆಲ್ಲ ಹಸಿರು.

"ಅಯ್ಯೋ, ಏನ್ ಮಾಡ್ತಿದ್ದೀಯಣ್ಣಾ!"

"ಕಣ್ಣು ಕಾಣಲ್ವಾ? ಪಾಚಿ ಹಿಡಿದಿತ್ತು, ತೆಗೀತಿದ್ದೀನಿ. ಚಿತ್ರ ಒಯ್ಯೋಕೆ ಸಂಜೆ ಗಾಡಿ ಬರುತ್ತೆ ಅಂತ ನೀನೇ ಅಂದೆ, ಹೀಗೇ ಕಳಿಸ್ತಿದ್ಯೇನೇ ಕೊಳಕಿ?"

"ಅದು ಬಣ್ಣ! ಈಗಷ್ಟೇ ನಾನೇ ಬಳಿದಿದ್ದು, ಇನ್ನೂ ಒಣಗಿರ್ಲಿಲ್ಲ!"

"ಪಾಚೀನ ಯಾರಾದ್ರೂ ಬೇಕಂತ ಬಳೀತಾರಾ?"

ಅವಳಿಗೆ ಸಿಟ್ಟು ನೆತ್ತಿಗೇರಿತು. ಬಾಯಿಗೆ ಬಂದಂತೆ ಬೈದಳು. ಕೂದಲು ನರೆತ ಮೇಲೆ ಮೊದಲ ಸಲ ದೊಡ್ಡ ಪ್ರದರ್ಶನಕ್ಕೆ ಆಯ್ಕೆಯಾದ ಚಿತ್ರ ಅದು. ಆದರೆ ಅಣ್ಣನ ಕೈಯದೇನು ತಪ್ಪು? ಮೀಸೆ ಮೂಡುವ ಮೊದಲೇ ಮತ್ಸ್ಯಾಲಯದಲ್ಲಿ ಗಾಜಿನ ತೊಟ್ಟಿ ತೊಳೆಯಲು ಸೇರಿದವನು. ಗಾಜಿನ ಮೇಲೆ ಹಸಿರು ಕಂಡರೆ ಅವನ ಕೈ ಸುಮ್ಮನಿರುವುದಿಲ್ಲ. ಚಿತ್ರದಲ್ಲಿ ಅವಳು ಬರೆದದ್ದೂ ಗಾಜಿನ ತೊಟ್ಟಿಯನ್ನೇ.

ಅವನು ಬೈಗುಳವನ್ನು ಕಿವಿಗೇ ಹಾಕಿಕೊಳ್ಳದೆ ಚಿತ್ರ ನೋಡುತ್ತಿದ್ದ. ಮೇಲೆ ಆಕ್ಟೋಪಸ್ಸಿನ ಎಂಟು ತೋಳು ಚಪ್ಪರದಂತೆ ಹರಡಿದ್ದವು. ಕೆಳಗೆ ಕಡಲಕುದುರೆಯ ಮೈ. ಪಾಚಿ ಹೋದ ಜಾಗದಲ್ಲಿ ಉಬ್ಬಿದ ಹೊಟ್ಟೆಚೀಲ, ಅದರೊಳಗೆ ಒಂದೇ ಒಂದು ಮರಿ.

"ಕಡಲಕುದುರೇಲಿ ಬಸಿರು ಹೊರೋದು ಗಂಡು. ಅದು ಸರಿ. ಮೇಲೆ ಈ ತೋಳು ಯಾಕೆ? ಚೆಂದ ಕಾಣ್ಲಿ ಅಂತಲಾ?"

ಚೆಂದಕ್ಕೆಂದು ಅವಳು ಯಾವತ್ತೂ ಒಂದು ಪ್ರಾಣಿಯ ಬಾಲ ಇನ್ನೊಂದಕ್ಕೆ ಅಂಟಿಸಿದವಳಲ್ಲ. ವಿಜ್ಞಾನದ ಪುಸ್ತಕ ತಿರುವಿ, ಎರಡು ಪ್ರಾಣಿಗಳಿಗೆ ನಂಟಿದೆ ಎಂದು ಗಟ್ಟಿಯಾದ ಮೇಲೇ ಕುಂಚ ಹಿಡಿಯುತ್ತಿದ್ದಳು.

"ತಾಯಿ ಆಕ್ಟೋಪಸ್ಸು ಮೊಟ್ಟೆ ಕಾಯೋಕೆ ಕೂತ್ರೆ ಊಟ ಬಿಡುತ್ತೆ. ಮರಿ ಹೊರಗೆ ಬರೋ ಹೊತ್ತಿಗೆ ಅದರ ಕತೆ ಮುಗಿದಿರುತ್ತೆ. ಅಮ್ಮನೂ ನನ್ನ ಹೆತ್ತು ಹಂಗೇ ಹೋದ್ಲಲ್ಲ."

ಅಣ್ಣ ಬಟ್ಟೆ ಹಿಂಡುವುದನ್ನು ನಿಲ್ಲಿಸಿದ. ಹೊಟ್ಟೆ ಯಾರದೆಂದು ಅವನಿಗೆ ಬಿಡಿಸಿ ಹೇಳಬೇಕಿರಲಿಲ್ಲ. ಹಾಲುಗೂಸಾಗಿದ್ದ ತಂಗಿಯನ್ನು ಮನೆಯಲ್ಲಿ ಯಾರ ಕೈಗೂ ಬಿಡಲಾಗದೆ, ಹಳೆಯ ದುಪ್ಪಟಿಯಲ್ಲಿ ಹೊಟ್ಟೆಗೆ ಕಟ್ಟಿಕೊಂಡೇ ಅವನು ತೊಟ್ಟಿ ಉಜ್ಜಿದ್ದ. ಜೊತೆಯವರು 'ಬಸುರಿ ಬಂದ್ಲು, ದಾರಿ ಬಿಡ್ರೋ' ಎಂದು ನಗುತ್ತಿದ್ದರು. ಅವನು ಪೊರಕೆ ಎತ್ತಿಕೊಂಡು ಅಟ್ಟಿಸಿಕೊಂಡು ಹೋಗುತ್ತಿದ್ದ.

"ನಿನ್ನ ಜೊತೆ ತೊಟ್ಟಿ ತೊಳೀತಿದ್ದೋರೆಲ್ಲ ಚಿತ್ರ ನೋಡೋಕೆ ಬರ್ತಾರೆ. ಮತ್ತೆ ಬಸುರಿ ಅಂತ ಆಡ್ಕೊಂಡ್ರೆ ನಿಂಗೆ ಅವಮಾನ ಅಂತ ಪಾಚಿ ಬಳಿದೆ," ಎಂದಳು. "ಇನ್ನೂ ಹೊತ್ತಿದೆ. ಮತ್ತೆ ಬಳಿದು ಮುಚ್ಚಿಬಿಡ್ತೀನಿ."

"ಮುಟ್ಟಿದ್ರೆ ನೋಡು!" ಅಣ್ಣ ಗದರಿದ. ಆಮೇಲೆ ಗೋಡೆ ಕಡೆ ಮುಖ ಮಾಡಿ ಗೊಣಗಿದ: "ಅವರು ಬಸುರಿ ಅಂದಾಗೆಲ್ಲ ನಂಗೆ ಒಳಗೊಳಗೇ ಜಂಬ ಕಣೇ. ಪೊರಕೆ ಎತ್ತಿದ್ದು ಬರೀ ತೋರಿಕೆಗೆ."

ತಂಗಿ ಕೈಲಿದ್ದ ಹಸಿರು ಬಣ್ಣದ ಡಬ್ಬಿಯನ್ನು ಬದಿಗಿಟ್ಟಳು. ಉಪಕಾರ ನೆನೆಯುವ ಮಾತು ಆ ಮನೆಯಲ್ಲಿ ಯಾರಿಗೂ ರೂಢಿಯಿರಲಿಲ್ಲ.

"ಅಣ್ಣಾ, ನೀನಿಲ್ದಿದ್ರೆ ನಾನು..."

"ನಾನಿಲ್ದಿದ್ರೆ ನಿನ್ನ ಕಾಟ ಇನ್ಯಾರಿಗೋ ತಗಲ್ಕೊಳ್ತಿತ್ತು. ಬಿಡು."

"ಬಿಡಲ್ಲ. ಪೂರ್ತಿ ಕೇಳು. ನೀನು ಹೊತ್ತಿದ್ದಕ್ಕೇ ನಾನು ಬದುಕಿರೋದು. ಬದುಕಿರೋದಕ್ಕೇ ಇದನ್ನೆಲ್ಲ ಬರೆದಿರೋದು. ಅಷ್ಟೇ. ಈಗ ಬೇಕಾದ್ರೆ ಬೈಕೋ."

ಅಣ್ಣ ಒದ್ದೆ ಬಟ್ಟೆಯನ್ನು ಬಕೆಟ್ಟಿಗೆ ಎಸೆದು ಮೂಗು ಸೀಟಿದ.

ಕೆಳಗೆ ಗಾಡಿ ಬಂತು. ಇಬ್ಬರೂ ಸೇರಿ ಚಿತ್ರವನ್ನು ಮೆಟ್ಟಿಲಿಳಿಸಿದರು. ಹಿಮ್ಮುಖವಾಗಿ ಇಳಿಯುತ್ತಿದ್ದ ಅಣ್ಣ ಮೆಟ್ಟಿಲು ನೋಡುವುದು ಬಿಟ್ಟು ಆ ಮರಿಯನ್ನೇ ನೋಡುತ್ತಿದ್ದ.

ಗಾಡಿಯವನು ಕಣ್ಣರಳಿಸಿದ. "ಏನ್ರೀ ಯಜಮಾನ್ರೇ ಇದು? ಗಂಡೋ ಹೆಣ್ಣೋ?"

"ಗಂಡು ಕಣಪ್ಪಾ," ಎಂದ ಅಣ್ಣ, ಬೀದಿಗೆಲ್ಲ ಕೇಳುವ ಹಾಗೆ. "ಬಸುರಿ. ಮೆಲ್ಲಗೆ ಎತ್ತು."