ನೀರಿನ ಜೊತೆ ಬೆಲ್ಲ

ಹೊಳೆನರಸೀಪುರದ ಕೊಬ್ಬರಿ ವ್ಯಾಪಾರಿ ಈಶ್ವರಯ್ಯನವರ ಮನೆಗೆ ಹಳೆಯ ಬೆಳ್ಳಿ ನಾಣ್ಯ ಹಿಡಿದು ಬಂದವರಿಗೆಲ್ಲ ಕುಡಿಯಲು ನೀರು ಸಿಗುತ್ತಿತ್ತು. ಬೆಲ್ಲ ಮಾತ್ರ ಎಲ್ಲರಿಗೂ ಸಿಗುತ್ತಿರಲಿಲ್ಲ.

ಎರಡನೇ ಮಹಾಯುದ್ಧ ಶುರುವಾದ ಮೇಲೆ ಬೆಳ್ಳಿಯ ಬೆಲೆ ಏರಿ, ಜನ ಅಜ್ಜಿಯ ಕಾಲದ ನಾಣ್ಯಗಳನ್ನು ಕರಗಿಸಲು ಅಕ್ಕಸಾಲಿಗರ ಮೂಸೆಗೆ ಹಾಕತೊಡಗಿದ್ದರು. ಮೂಸೆಗಿಂತ ಮುಂಚೆ ತಾವು ತಲುಪಬೇಕೆಂದು ಈಶ್ವರಯ್ಯ ಕೊಣನೂರು, ಚನ್ನರಾಯಪಟ್ಟಣ ಎಂದು ಬಸ್ಸು ಹತ್ತಿ ಇಳಿಯುತ್ತಿದ್ದರು. ಅವರ ಆಸೆಯೆಲ್ಲ ಟಿಪ್ಪುವಿನ ಕಾಲದ ಜೋಡಿ ರೂಪಾಯಿಯ ಮೇಲೆ. ಎರಡು ತೊಲದ ಅಗಲವಾದ ನಾಣ್ಯ, ಎರಡು ಮಗ್ಗುಲಲ್ಲೂ ಪಾರ್ಸಿ ಅಕ್ಷರ. ಎರಕ ಹೊಯ್ದ ನಕಲುಗಳೂ ಬೇಕಾದಷ್ಟಿದ್ದವು.

ಅಸಲು ಯಾವುದು, ಎರಕ ಯಾವುದು ಎಂದು ಹೇಳುತ್ತಿದ್ದವಳು ಅವರ ತಂಗಿಯ ಮಗಳು ನೀಲಾಂಬಿಕೆ. ಹತ್ತೊಂಬತ್ತರ ಹುಡುಗಿ, ಹೊರಗಿನವರೆದುರು ತಲೆ ಎತ್ತದವಳು. "ಒಳಗೆ ಒಯ್ದು ತೊಳೆದು ತಾರವ್ವ" ಎಂದು ಮಾವ ಕೊಟ್ಟ ನಾಣ್ಯವನ್ನು ಅವಳು ಅಡುಗೆಮನೆಯ ಒರಳುಕಲ್ಲಿನ ಮೇಲೆ ಬೀಳಿಸಿ ಕೇಳುತ್ತಿದ್ದಳು. ಅಸಲಿನ ನಾದ ಗಂಟೆಯಂತೆ ಎಳೆಯುತ್ತಿತ್ತು. ಎರಕದ್ದು ಹೆಂಚಿನ ಚೂರಿನಂತೆ ಟಕ್ಕೆನ್ನುತ್ತಿತ್ತು. ಪಾರ್ಸಿ ಓದಲು ಬಾರದಿದ್ದರೂ ಅಕ್ಷರಗಳ ಗೆರೆಗಳನ್ನು ರಂಗೋಲಿಯಂತೆ ಮನಸ್ಸಿನಲ್ಲಿ ಇಟ್ಟುಕೊಂಡಿದ್ದಳು. ಅಸಲಾದರೆ ನೀರಿನ ಜೊತೆ ಬೆಲ್ಲದ ಚೂರು. ಎರಕವಾದರೆ ಬರಿಯ ನೀರು. ಬೆಲ್ಲ ಕಂಡ ಕೂಡಲೆ ಈಶ್ವರಯ್ಯ ನಿಟ್ಟುಸಿರು ಬಿಟ್ಟು, "ಎರಕ ಕಣಪ್ಪ, ಪಾಪ. ಅಷ್ಟು ದೂರದಿಂದ ಬಂದಿದ್ದೀಯ, ತೂಕದ ಬೆಲೆ ಕೊಡ್ತೀನಿ, ಇಟ್ಟೋಗು" ಎನ್ನುತ್ತಿದ್ದರು. ಬರಿಯ ನೀರು ಬಂದರೆ ನಾಣ್ಯವನ್ನು ವಾಪಸು ಕೊಡುತ್ತಿದ್ದರು. ಮೋಸಹೋದವರು ಬೆಲ್ಲ ತಿಂದು, ಒಳ್ಳೆಯ ಮನೆ ಎಂದು ಹೊಗಳುತ್ತ ಹೋಗುತ್ತಿದ್ದರು.

ಇದು ತಪ್ಪೆಂದು ನೀಲಾಂಬಿಕೆಗೆ ಗೊತ್ತಿತ್ತು. ಆದರೆ ಉಣ್ಣುವ ಅನ್ನ ಮಾವನದು. ಏಳು ವರ್ಷದ ಹಿಂದೆ ಅರಕಲಗೂಡಿನಲ್ಲಿ ಅಪ್ಪ ಸತ್ತಾಗ, ಮಗಳನ್ನು ಓದಿಸಲೆಂದು ಅವ್ವ ನೀಲಗಂಗಮ್ಮ ಒಂದು ಜೋಡಿ ರೂಪಾಯಿಯನ್ನು ಅಣ್ಣನ ಕೈಗೆ ಕೊಟ್ಟಿದ್ದಳು. ನೀಲಾಂಬಿಕೆ ಕೂಸಾಗಿದ್ದಾಗ ಕುಣಿಕೆ ಬೆಸೆದು ಅವಳ ಉಡಿದಾರಕ್ಕೆ ಕಟ್ಟಿದ್ದ ನಾಣ್ಯ ಅದು. "ಎರಕ ಕಣೇ ಗಂಗಾ" ಎಂದು ಅಣ್ಣ ಒಂದೂವರೆ ರೂಪಾಯಿ ಕೊಟ್ಟಿದ್ದ. ಓದು ನಿಂತಿತು. ಹುಡುಗಿ ಮಾವನ ಮನೆಯ ಒಲೆಯ ಮುಂದೆ ಬಂದು ಕೂತಳು.

ಆ ವರ್ಷ ಕಾರ್ತಿಕದಲ್ಲಿ ಹಾಸನದ ವಕೀಲರೊಬ್ಬರು ನಾಣ್ಯ ಕೊಳ್ಳಲು ಬಂದರು. ಈಶ್ವರಯ್ಯ ಪೆಟ್ಟಿಗೆಯ ತಳದಿಂದ ಹತ್ತಿ ಸುತ್ತಿದ ಒಂದನ್ನು ತೆಗೆದರು.

"ಇದಕ್ಕಿಂತ ಚೆಂದದ್ದು ನನ್ನತ್ರ ಐತೆ, ಅದಕ್ಕೇ ಬಿಡ್ತಿದ್ದೀನಿ. ನೀಲಾ, ಸಾಹೇಬರಿಗೆ ನಾದ ಕೇಳ್ಸವ್ವ."

ನಾಣ್ಯ ಜಗಲಿಯ ಕಲ್ಲಿನ ಮೇಲೆ ಉದ್ದಕ್ಕೆ ಹಾಡಿತು. ಎತ್ತಿಕೊಂಡಾಗ ಅಂಚಿನಲ್ಲಿ ಕುಣಿಕೆ ಬೆಸೆದಿದ್ದ ಕಲೆ ಬೆರಳಿಗೆ ಸಿಕ್ಕಿತು. ಅರದಿಂದ ಉಜ್ಜಿದ್ದರೂ ಹೋಗಿರಲಿಲ್ಲ. ಕಲೆಯ ಪಕ್ಕದ ಅಕ್ಷರಕ್ಕೆ ಹುಣಸೆಕಾಯಿಯಂತೆ ಬಾಗಿದ ಬಾಲ. ಅವ್ವನ ಮಡಿಲಲ್ಲಿ ಮಲಗಿ ಆ ಬಾಲದ ಮೇಲೆ ಎಷ್ಟು ಸಲ ಬೆರಳಾಡಿಸಿದ್ದಳೋ.

ಅವಳು ಒಳಗೆ ಹೋಗಿ ಬರಿಯ ನೀರು ತಂದಿಟ್ಟಳು.

"ಬೆಲ್ಲ ಎಲ್ಲವ್ವ?" ಎಂದರು ಮಾವ.

"ಇಲ್ಲ ಮಾವ."

"ಬಿಡಿ ಈಶ್ವರಯ್ಯನೋರೇ, ನಂಗೆ ಸಿಹಿಮೂತ್ರ" ಎಂದು ವಕೀಲರು ನಕ್ಕು, ಎಂಬತ್ತು ರೂಪಾಯಿ ಕೊಟ್ಟು ನಾಣ್ಯವನ್ನು ಜೇಬಿಗಿಳಿಸಿ ಹೋದರು.

"ಅದು ಅವ್ವಂದು" ಎಂದಳು ನೀಲಾಂಬಿಕೆ. ಏಳು ವರ್ಷದಲ್ಲಿ ತಾನಾಗಿ ಮಾವನೊಡನೆ ಆಡಿದ ಮೊದಲ ಮಾತು.

"ಆಗಿತ್ತು. ಏಳು ವರ್ಷ ಉಂಡಿದ್ದಕ್ಕೆ ನಿಮ್ಮವ್ವ ಏನು ಕಳ್ಸವ್ಳೆ? ಓಗು, ಒಲೆ ಮ್ಯಾಲೆ ಹಾಲಿಟ್ಟಿದ್ದೀಯ."

ಹಾಲು ಆಗಲೇ ಉಕ್ಕಿಹೋಗಿತ್ತು. ಒಲೆ ಒರೆಸುತ್ತ ಅವಳು ನಿಶ್ಚಯಿಸಿಕೊಂಡಳು: ಇನ್ನು ಯಾರ ನಾಣ್ಯವೂ ತನ್ನ ಕೈಯಿಂದ ಆ ಪೆಟ್ಟಿಗೆಗೆ ಬೀಳಬಾರದು.

ಸಂತೆಯ ದಿನ ಹೊಳೆಯಾಚೆಯ ಕೂಲಿ ಹೆಂಗಸು ಹೊನ್ನಕ್ಕ ಬಂದು ಜಗಲಿಯ ಕೆಳಗೆ ನಿಂತಳು. "ನಮ್ಮತ್ತೆ ಕಾಲದ್ದು ಬುದ್ಧೀ. ಬೆಲೆ ಬಂದ್ರೆ ಕರಾವಿಗೊಂದು ಅಸ ತಗತೀನಿ. ಬರ್ನಿಲ್ವಾ, ಮೊಮ್ಮಗಂಗೆ ಏನಾರ ಮಾಡಿಸ್ತೀನಿ."

ಒರಳುಕಲ್ಲಿನ ಮೇಲೆ ಆ ನಾಣ್ಯ ಹಾಡಿದಾಗ ನೀಲಾಂಬಿಕೆ ಅದನ್ನು ಬೆಳಕಿಗೆ ಹಿಡಿದು ನೋಡಿದಳು. ಕುಣಿಕೆಯಿಲ್ಲ, ಸವೆತವಿಲ್ಲ. ಮಾವನ ಪೆಟ್ಟಿಗೆಯಲ್ಲೂ ಅಂಥದ್ದಿರಲಿಲ್ಲ. ಅವಳು ಬರಿಯ ಚೊಂಬು ಹಿಡಿದು ಬಂದು ಹೊನ್ನಕ್ಕನ ಬೊಗಸೆಗೆ ಮೇಲಿನಿಂದ ನೀರು ಹೊಯ್ದಳು. ಈಶ್ವರಯ್ಯ ಒಂದು ಗಳಿಗೆ ಅವಳ ಮುಖ ನೋಡಿದರು. ತಲೆ ಎತ್ತದ ಹುಡುಗಿ ಸುಳ್ಳು ಹೇಳಿಯಾಳೆಂದು ಅವರಿಗೆ ತೋಚಲಿಲ್ಲ.

"ಎರಕ ಕಣಮ್ಮಿ, ತಗಂಡೋಗು."

ಇನ್ನು ಓಡಿಹೋಗಿ 'ಅದು ಅಸಲು, ಜೋಪಾನ' ಎಂದು ಹೇಳುವುದೊಂದೇ ಬಾಕಿ. ನೀಲಾಂಬಿಕೆ ಹಿತ್ತಲ ಬಾಗಿಲವರೆಗೆ ಹೋದಳು. ಬೀದಿಯಲ್ಲಿ ಗಂಡಸರು ಕೊಬ್ಬರಿ ಮೂಟೆ ಇಳಿಸುತ್ತಿದ್ದರು. ಅವರ ನಡುವೆ ಕೂಗಿ ಕರೆಯಲು ದನಿ ಹೊರಡಲಿಲ್ಲ. ಮುಂದಿನ ಸಂತೆಗೆ ಬರುತ್ತಾಳಲ್ಲ, ಆಗ ಹೇಳೋಣ ಎಂದುಕೊಂಡಳು.

ಮುಂದಿನ ಸಂತೆಗೆ ಹೊನ್ನಕ್ಕ ಬಂದಳು, ಕಂಕುಳಲ್ಲಿ ಮೊಮ್ಮಗ.

"ನೀವು ದಿಟ ಏಳಿದ್ದು ಒಳ್ಳೇದಾಯ್ತು ಬುದ್ಧೀ. ಎರಕ ಅಂತ ತಿಳೀದಿದ್ರೆ ಕರಗ್ಸಾಕೆ ಮನಸ್ಸೇ ಬತ್ತಿರ್ನಿಲ್ಲ. ನೋಡಿ, ಆಚಾರಿ ಎಂಗೆ ಮಾಡವ್ನೆ!"

ಕೂಸಿನ ಸೊಂಟದಲ್ಲಿ ಗೆಜ್ಜೆ ಪೋಣಿಸಿದ ಹೊಸ ಉಡಿದಾರ.

ನೀಲಾಂಬಿಕೆ ನೀರು ತಂದಳು. ಇನ್ನೊಂದು ಕೈಯಲ್ಲಿ ಬೆಲ್ಲದ ಅಚ್ಚು, ಇಡಿಯದು. ಜಗಲಿ ಇಳಿದು ಅದನ್ನು ಹೊನ್ನಕ್ಕನ ಅಂಗೈಯಲ್ಲಿಟ್ಟಳು.

"ಅಯ್ಯೋ, ಇಷ್ಟೊಂದಾ ಚಿಕ್ಕವ್ವಾರೇ!" ಹೊನ್ನಕ್ಕ ಒಂದು ಚೂರು ಮುರಿದು ಕೂಸಿನ ಬಾಯಿಗಿಟ್ಟಳು.

ಈಶ್ವರಯ್ಯ ಬೆಲ್ಲ ನೋಡಿದರು. ಉಡಿದಾರ ನೋಡಿದರು. ಅವರ ಮುಖ ಕಪ್ಪಿಟ್ಟಿತು.

ನೀಲಾಂಬಿಕೆ ಅತ್ತ ತಿರುಗಲಿಲ್ಲ. ಸಿಹಿಗೆ ಕೂಸು ಕಾಲು ಬಡಿದು ಕುಣಿಯಿತು. ಗೆಜ್ಜೆಯ ಸದ್ದನ್ನು ಅವಳ ಕಿವಿ, ಬೇಡವೆಂದರೂ, ಕೇಳಿಸಿಕೊಂಡಿತು. ಟಕ್, ಟಕ್. ಆಚಾರಿ ಅರ್ಧಕ್ಕರ್ಧ ತವರ ಬೆರೆಸಿದ್ದ.