ಹತ್ತು ನಿಮಿಷದ ಸ್ಟಾಪು

ಮೂವತ್ತಮೂರು ವರ್ಷ ಸರಕಾರಿ ಬಸ್ಸು ಓಡಿಸಿದವನು ನಾನು, ಸಕ್ರಪ್ಪ. ಗದಗದಿಂದ ಲಕ್ಷ್ಮೇಶ್ವರ, ಅಲ್ಲಿಂದ ಶಿರಹಟ್ಟಿ, ಮುಂಡರಗಿ, ತಿರುಗಿ ಗದಗ. ಆ ರಸ್ತೆಯ ಒಂದೊಂದು ತಗ್ಗಿಗೂ ಹೆಸರಿಟ್ಟವನು ನಾನೇ. ಒಂದು ಸಲ ಶಿಗ್ಲಿಯಿಂದ ಲಕ್ಷ್ಮೇಶ್ವರದ ತನಕ ನಿದ್ದೆಯಲ್ಲೇ ಓಡಿಸಿದ್ದೇನೆ. ಎಚ್ಚರಾದಾಗ ಬಸ್ಸು ಸ್ಟ್ಯಾಂಡಿನಲ್ಲಿ ತನ್ನ ಜಾಗದಲ್ಲಿ ನಿಂತಿತ್ತು, ಹ್ಯಾಂಡ್ ಬ್ರೇಕೂ ಹಾಕಿತ್ತು.

ಇಂಥ ಮಾತು ಹೇಳಿದಾಗಲೆಲ್ಲ ಹಿಂದಿನಿಂದ ಒಂದು ದನಿ ಬಂದು ತಿದ್ದುತ್ತದೆ. ಆ ದನಿ ನನ್ನ ಹೆಂಡತಿ ಅಮೃತವ್ವನದು. ನನ್ನ ಬಸ್ಸಿಗೆ ಹತ್ತೊಂಬತ್ತು ವರ್ಷ ಆಕೆಯೇ ಕಂಡಕ್ಟರು. ಆಕೆ ಒಂದು ಸೀಟಿ ಊದಿದರೆ ನಾನು ನಿಲ್ಲಿಸಬೇಕು, ಎರಡು ಊದಿದರೆ ಹೊರಡಬೇಕು, ಸಣ್ಣಗೆ ಸಾಲಾಗಿ ಊದುತ್ತಿದ್ದರೆ ಹಿಂದೆ ತೆಗೆದುಕೊಳ್ಳಬೇಕು. ಗಂಡ ಹೆಂಡತಿ ನಡುವೆ ಇದಕ್ಕಿಂತ ಹೆಚ್ಚಿನ ಮಾತು ಬೇಕು ಅಂತ ನನಗೆ ಅನಿಸಿರಲಿಲ್ಲ.

ಫ್ರಾನ್ಸಿನ ಸುದ್ದಿ ಶುರುವಾದದ್ದು ಡಂಬಳದ ಕೆರೆಯ ದಂಡೆಯಲ್ಲಿ. ಹನ್ನೆರಡು ವರ್ಷದ ಹಿಂದೆ ಮಳೆಗಾಲದಲ್ಲಿ ಒಬ್ಬ ಫ್ರೆಂಚ್ ಗಂಡ, ಅವನ ಹೆಂಡತಿ, ಮನೆಯಂಥ ಒಂದು ವ್ಯಾನು ತಂದು ಗುಡಿ ನೋಡಲು ಬಂದಿದ್ದರು. ಎರೆಮಣ್ಣಿನಲ್ಲಿ ವ್ಯಾನು ಹೊಟ್ಟೆಯ ತನಕ ಹೂತಿತ್ತು. ನಾನು ಬಸ್ಸಿಗೆ ಹಗ್ಗ ಕಟ್ಟಿ ಒಂದೇ ಎಳೆತಕ್ಕೆ ಹೊರಗೆ ತಂದೆ. ಬಸ್ಸಿನಲ್ಲಿ ನೂರಾ ಎಂಬತ್ತು ಮಂದಿ ಇದ್ದರು, ಒಬ್ಬರನ್ನೂ ಇಳಿಸಲಿಲ್ಲ. ಅಮೃತವ್ವನ ಲೆಕ್ಕದಲ್ಲಿ ಇದ್ದವರು ಇಪ್ಪತ್ತೆರಡು ಮಂದಿ, ಎಲ್ಲರೂ ಇಳಿದು ಹಿಂದಿನಿಂದ ದಬ್ಬಿದರು. ಏನೇ ಇರಲಿ, ಆ ಗಂಡ ಹೆಂಡತಿ ನಮ್ಮ ಕೈ ಹಿಡಿದು, ವಿಳಾಸ ಬರೆದುಕೊಟ್ಟು, ನಮ್ಮೂರಿಗೆ ಬನ್ನಿ, ಈ ವ್ಯಾನು ನಿಮ್ಮದೇ ಅಂದುಕೊಳ್ಳಿ ಎಂದರು.

ಡಿಪೋ ಎದುರಿಗೆ ಇಲಿಯಾಸನ ಚಹಾದಂಗಡಿ ಇದೆ. ಹನ್ನೆರಡು ವರ್ಷ ನಾನು ಅಲ್ಲಿ ಈ ಕಥೆ ಹೇಳಿದೆ, ಪ್ರತಿ ವರ್ಷ ಕೆಸರಿನ ಆಳ ಒಂದು ಗೇಣು ಹೆಚ್ಚಿಸಿದೆ. ರಿಟೈರ್ ಆದಮೇಲೆ ಫ್ರಾನ್ಸ್ ದೇಶವನ್ನೆಲ್ಲ ಆ ವ್ಯಾನಿನಲ್ಲಿ ಸುತ್ತಿ ಬರುತ್ತೇನೆ ಅಂದೆ. ನಾನು ಹೇಳುತ್ತಲೇ ಇದ್ದೆ, ಅಮೃತವ್ವ ಮಾತ್ರ ಪ್ರತಿ ಹೊಸ ವರ್ಷಕ್ಕೆ ಅವರಿಗೆ ಕಾಗದ ಬರೆಯುತ್ತಿದ್ದಳು. ಹೋದ ವರ್ಷ ಆಕೆಯೂ ರಿಟೈರ್ ಆದಳು. ಒಂದು ದಿನ ಬೆಟಗೇರಿಯ ಮನೆಯಲ್ಲಿ ಊಟದ ತಾಟಿನ ಮಗ್ಗಲಿಗೆ ವಿಮಾನದ ಟಿಕೀಟು ಇಟ್ಟಳು.

"ಹನ್ನೆರಡು ವರ್ಷ ಹೇಳೀರಿ. ಈಗ ನಡೀರಿ" ಅಂದಳು. ನಾನು ಮುರಿದ ರೊಟ್ಟಿಯನ್ನು ತಿರುಗಿ ತಾಟಿಗಿಟ್ಟೆ.

ಆಕೆಯದು ಒಂದೇ ಕರಾರು. "ಅಲ್ಲಿ ಒಂದ ಕಡೆ ನಾ ಸಾಕು ಅನ್ನೋತನಕ ಕುಂಡ್ರಾಕಿ. ನಾನಾಗೆ ಏಳೋತನಕ ಯಾರೂ ಎಬ್ಬಸಬಾರದು."

ಇದೇನು ದೊಡ್ಡ ಮಾತು ಅಂದುಕೊಂಡೆ. ಆದರೆ ಬಸ್ಸಿನ ಕಂಡಕ್ಟರಿಗೆ ಅದು ದೊಡ್ಡ ಮಾತೇ. ಹತ್ತು ನಿಮಿಷದ ಸ್ಟಾಪಿನಲ್ಲಿ ಆಕೆ ಕಂಟ್ರೋಲರನ ಕಿಟಕಿಗೆ ಹೋಗಬೇಕು, ಹೊತ್ತು ಬರೆಸಬೇಕು, ಹೆಣ್ಣುಮಕ್ಕಳ ಪಾಯಖಾನೆ ಹುಡುಕಿ ಹೋಗಿಬರಬೇಕು, ಅಷ್ಟರಲ್ಲಿ ನಾನು ಹಾರ್ನು ಹೊಡೆಯುತ್ತಿದ್ದೆ. ಹತ್ತೊಂಬತ್ತು ವರ್ಷದಲ್ಲಿ ಆಕೆ ಒಂದು ಕಪ್ ಚಹಾ ಬಿಸಿ ಇದ್ದಾಗ ಮುಗಿಸಿದ್ದನ್ನು ನಾನು ಕಂಡಿಲ್ಲ. ಇದರಲ್ಲಿ ಒಂದು ಗುಂಜಿಯಷ್ಟೂ ಹೆಚ್ಚು ಹೇಳಿಲ್ಲ.

ಆತು ಎಂದು ಒಪ್ಪಿಕೊಂಡೆ. ಒಪ್ಪಿದವನೇ ಇಲಿಯಾಸನ ಅಂಗಡಿಗೆ ಹೋಗಿ, ಇಪ್ಪತ್ತೊಂದು ದಿನದಲ್ಲಿ ಮೂವತ್ತನಾಲ್ಕು ಊರು ನೋಡುತ್ತೇನೆ ಎಂದು ಹೇಳಿಬಂದೆ. ಊರುಗಳ ಪಟ್ಟಿಯನ್ನು ಹಳೆಯ ಟ್ರಿಪ್ ಶೀಟಿನ ಹಿಂದೆ ಬರೆದೂ ತೋರಿಸಿದೆ. ದಿನಾ ಸಂಜೆಗೆ ಫೋನು ಮಾಡುತ್ತೇನೆ, ಅಂಗಡಿಯ ಮಂದಿಗೆಲ್ಲ ಕೇಳಿಸು ಎಂದು ಇಲಿಯಾಸನಿಗೆ ತಾಕೀತು ಮಾಡಿದೆ.

ನಾವು ಫ್ರಾನ್ಸಿಗೆ ಹೋಗಿ ಇಳಿದಾಗ ಆ ಫ್ರೆಂಚ್ ಗಂಡ ಹೆಂಡತಿ ಮುದುಕರಾಗಿದ್ದರು, ವ್ಯಾನು ನಮ್ಮಿಬ್ಬರಿಗಿಂತ ಮುದಿಯಾಗಿತ್ತು. ಅಪ್ಪಿಕೊಂಡು ಕೀಲಿ ಕೊಟ್ಟರು. ಒಳಗೆ ಒಂದು ಹಾಸಿಗೆ, ಒಂದು ಗ್ಯಾಸಿನ ಒಲೆ, ಮಡಚುವ ಎರಡು ಕುರ್ಚಿ. ಅಮೃತವ್ವ ಕಡಕ್ ರೊಟ್ಟಿಯ ಗಂಟನ್ನು ಗೂಟಕ್ಕೆ ತೂಗುಹಾಕಿದಳು, ಶೇಂಗಾ ಚಟ್ನಿಯ ಡಬ್ಬಿಯನ್ನು ಕಿಟಕಿಗಿಟ್ಟಳು, ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಹೋದಳು. ಅಲ್ಲಿಗೆ ಅದು ಮನೆಯಾಯಿತು. ಆಮೇಲೆ ನಾನು ಆಕೆ ಒಳಗಿದ್ದಾಳೋ ಇಲ್ಲವೋ ಎಂದು ಹಣಿಕಿ ನೋಡುವುದೇ ಬಿಟ್ಟೆ. ಮೆಟ್ಟಿಲ ಮೇಲೆ ಚಪ್ಪಲಿ ಇವೆ ಅಂದರೆ ಇದ್ದಾಳೆ, ಅಷ್ಟೆ.

ಆ ದೇಶದಲ್ಲಿ ರಸ್ತೆಯ ಬಲಕ್ಕೆ ಓಡಿಸಬೇಕು. ಮೂವತ್ತಮೂರು ವರ್ಷದ ಕೈಕಾಲಿಗೆ ಅದು ತಲೆ ಕೆಳಗಾಗಿ ನಡೆದ ಹಾಗೆ. ಹಿಂದೆ ನೋಡಲು ಆಕೆ ಬೇಕೇ ಬೇಕಾಯಿತು. ಹಾಗಾಗಿ ಮುಂದಿನ ಸೀಟಿಗೆ ನಕಾಶೆ ಬಂತು, ಆಕೆ ಹಿಂದೆ ಹಾಸಿಗೆಯ ಅಂಚಿಗೆ ಹೋದಳು. ಕೊರಳಲ್ಲಿ ಡಿಪೋದ ಹಳೆಯ ಸೀಟಿ. ಹಾಸಿಗೆಗೆ ಅಡ್ಡ ಒಂದು ಪರದೆ.

ಏನು ಹೊಲ, ಏನು ಹೊಲ. ಸೂರ್ಯಕಾಂತಿ ಅಂದರೆ ಮುಂಡರಗಿ ಕಡೆಗೆ ನಾವೂ ನೋಡಿದ್ದೇವೆ, ಅಲ್ಲಿಯ ಹೂವು ಬಂಡಿಯ ಗಾಲಿಯಷ್ಟಿದ್ದವು. ಲ್ವಾರ್ ಎಂಬ ನದಿ ಸಿಂಗಟಾಲೂರಿನ ತುಂಗಭದ್ರೆಗಿಂತ ಹತ್ತು ಪಟ್ಟು ಅಗಲ. ಹತ್ತಲ್ಲ, ಹೆಚ್ಚೂ ಕಡಿಮೆ ಅಷ್ಟೇ ಐತಿ ಎಂದು ಪರದೆಯ ಹಿಂದಿನಿಂದ ಬಂತು. ಆ ನದಿಯ ದಂಡೆಯ ಮೇಲೆ ಕಲ್ಲಿನ ಪಾವಟಿಗೆ ಇದ್ದವು, ನೀರಿಗೆ ಬಾಗಿದ ಗಿಡ ಇತ್ತು. ಇಲ್ಲಿ ಕುಂಡ್ರೋಣೇನ್ರಿ ಎಂದು ಆಕೆ ಕೇಳಿದಳು. ಹತ್ತು ನಿಮಿಷ ಎಂದೆ. ಸಂಜೆಯೊಳಗೆ ಇನ್ನೂ ಎರಡು ಊರು ಇದ್ದವು. ನಾಕನೆಯ ದಿನ ಒಂದು ಸೂರ್ಯಕಾಂತಿಯ ಹೊಲದ ಬದುವಿನಲ್ಲಿ ಕೇಳಿದಳು, ಹತ್ತು ನಿಮಿಷ. ಏಳನೆಯ ದಿನ ಸಮುದ್ರ ಕಂಡಿತು, ಅವತ್ತೂ ಹತ್ತೇ ನಿಮಿಷ. ಒಂಬತ್ತನೆಯ ದಿನ ಆಕೆಯ ಪಾದ ಬಾತು ಚಪ್ಪಲಿಯ ಪಟ್ಟಿ ಸಡಿಲ ಮಾಡಿಕೊಂಡಳು. ಮುಂದಿನೂರಿನಲ್ಲಿ ಕುಂಡ್ರುವಿಯಂತೆ ಎಂದೆ.

"ಮೂವತ್ನಾಕು ಊರು ನೀವು ಯಾರ ಸಲುವಾಗಿ ನೋಡಾಕ ಹತ್ತೀರಿ?" ಅಂತ ಕೇಳಿದಳು. ನಾನು ಗೇರು ಬದಲಿಸಿದೆ. ಅಲ್ಲಿಂದ ಎರಡು ದಿನ ಪರದೆಯ ಹಿಂದಿನಿಂದ ಸೀಟಿ ಬಿಟ್ಟರೆ ಇನ್ನೊಂದು ಸಪ್ಪಳ ಬರಲಿಲ್ಲ. ನನ್ನ ಲೆಕ್ಕ ತಿದ್ದುವುದನ್ನೂ ನಿಲ್ಲಿಸಿದಳು.

ಹನ್ನೊಂದನೆಯ ದಿನ ಬ್ರಿಟನಿ ಕರಾವಳಿಯ ಒಂದು ಊರಿಗೆ ಬಂದೆವು. ಊರಿನ ಹೆಸರು ಬರೆಯಲು ಹನ್ನೆರಡು ಅಕ್ಷರ, ಬಾಯಲ್ಲಿ ಹೇಳಲು ಎರಡೇ. ಉಸುಕಿನ ದಂಡೆಯ ಮೇಲೆ ಗಾಡಿ ನಿಲ್ಲಿಸಿದೆ. ಅಮೃತವ್ವ ಇಳಿದಳು. ಹತ್ತು ನಿಮಿಷ ಎಂದು ನಾನು ಹೇಳಲೂ ಇಲ್ಲ, ಬೆರಳು ತೋರಿಸಿದೆ. ಸ್ಟಿಯರಿಂಗಿನ ಮೇಲೆ ತಲೆ ಇಟ್ಟು ಕಣ್ಣು ಮುಚ್ಚಿದೆ. ಹನ್ನೊಂದು ದಿನ ಓಡಿಸಿದ ಕಣ್ಣು, ಮುಚ್ಚಿದ ಕೂಡಲೇ ನಾನು ಲಕ್ಷ್ಮೇಶ್ವರದ ಸ್ಟ್ಯಾಂಡಿನಲ್ಲಿದ್ದೆ.

ಸೀಟಿ ಕೇಳಿತು. ಎರಡು ಸಲ.

ನಾನು ಎಚ್ಚರಾಗುವ ಮೊದಲೇ ನನ್ನ ಕಾಲು ಎಚ್ಚರಾಗಿತ್ತು. ಗಾಡಿ ರಸ್ತೆಗೆ ಬಂದಾಗ ಪೂರ್ತಿ ಕಣ್ಣು ಬಿಟ್ಟೆ. ಪಕ್ಕದ ಬಾಗಿಲು ತನ್ನಷ್ಟಕ್ಕೆ ಸರಿದು ಮುಚ್ಚಿಕೊಂಡಿತ್ತು, ಒಳಗಿನ ಕನ್ನಡಿಯಲ್ಲಿ ನೋಡಿದರೆ ಬಾಗಿಲ ಒಳಮೆಟ್ಟಿಲ ಮೇಲೆ ಚಪ್ಪಲಿ ಜೋಡಿಯಾಗಿ ಇದ್ದವು. ಇನ್ನೇನು ಬೇಕು? ಮುಂದಿನ ಊರಿನ ಕಡೆಗೆ ಹೊಡೆದೆ.

ದಾರಿಯಲ್ಲಿ ಬಹಳ ಮಾತಾಡಿದೆ. ಸಿಟ್ಟು ಇಳಿಸಬೇಕಲ್ಲ. ಆ ಕಡೆಯ ಸಮುದ್ರದ ಗಾಳಿ ಕಪ್ಪತಗುಡ್ಡದ ಗಾಳಿಗೆ ತಮ್ಮ ಎಂದೆ. ಅಲ್ಲಿಯ ದನಗಳು ಲಾರಿಯಷ್ಟು ಎತ್ತರ ಎಂದೆ. ಈ ಹದಿಮೂರು ಊರು ಮುಗಿದರೆ ಕಡೆಯ ದಿನ ಪೂರ್ತಿ ನಿನ್ನದೇ ಎಂದೂ ಹೇಳಿದೆ. ಪರದೆ ಅಲುಗಲಿಲ್ಲ. ಎರಡು ದಿನದಿಂದ ಹಾಗೇ ಇತ್ತು, ಹಾಗಾಗಿ ನನಗೆ ಏನೂ ಬೇರೆ ಅನಿಸಲಿಲ್ಲ. ಈಗ ನೆನೆಸಿದರೆ ಅದೇ ನನ್ನ ಎದೆಗೆ ಹತ್ತುತ್ತದೆ. ಹೆಂಡತಿ ಇದ್ದ ಗಾಡಿಗೂ ಇಲ್ಲದ ಗಾಡಿಗೂ ನಾನು ಫರಕು ತಿಳಿಯದ ಹಾಗೆ ಮಾಡಿಟ್ಟಿದ್ದೆ.

ಒಂದು ಇಕ್ಕಟ್ಟಿನ ಓಣಿಗೆ ಹೊಕ್ಕೆ. ಎದುರಿಗೆ ಟ್ರ್ಯಾಕ್ಟರ್ ಬಂತು. ಹಿಂದೆ ತೆಗೆದುಕೊಳ್ಳಬೇಕು. "ಬರ್ಲೇನ?" ಎಂದು ಕೂಗಿದೆ. ಸೀಟಿ ಬರಲಿಲ್ಲ. ಎಂಥ ಸಿಟ್ಟು ಇದ್ದರೂ ಅಮೃತವ್ವ ರಿವರ್ಸ್ ಸೀಟಿ ಊದದೇ ಬಿಟ್ಟವಳಲ್ಲ. ಅದು ಡ್ಯೂಟಿ. ಇಳಿದು ಹಿಂದಕ್ಕೆ ಹೋಗಿ ಬಾಗಿಲು ಸರಿಸಿ, ಪರದೆ ಎತ್ತಿದೆ. ಆಕೆ ಇರಲಿಲ್ಲ, ಹಾಸಿಗೆಯ ಮೇಲೆ ಆಕೆಯ ಫೋನು ಚಾರ್ಜಿಗೆ ಹಾಕಿತ್ತು. ಉಸುಕಿಗೆ ಇಳಿಯುವವಳು ಚಪ್ಪಲಿ ಯಾಕೆ ಹಾಕಿಕೊಂಡು ಹೋಗುತ್ತಾಳೆ, ಬರಿಗಾಲಲ್ಲಿ ಹೋಗಿದ್ದಳು.

ಟ್ರ್ಯಾಕ್ಟರಿನವನು ಇಳಿದು ಬಂದು ನನ್ನ ಮುಖ ನೋಡಿ, ತಾನೇ ಹಿಂದೆ ನಿಂತು ಕೈ ಮಾಡಿ ಗಾಡಿ ತಿರುಗಿಸಿಕೊಟ್ಟ.

ಐನೂರು ಕಿಲೋಮೀಟರು ಬಂದುಬಿಟ್ಟಿದ್ದೆ. ಖರೆ ಹೇಳಬೇಕೆಂದರೆ ನಲವತ್ತೊಂದು. ಆ ನಲವತ್ತೊಂದನ್ನು ತಿರುಗಿ ಓಡಿಸಿದಾಗ ನನ್ನ ತಲೆಯಲ್ಲಿ ಏನೇನು ಬಂತೋ ಅದನ್ನು ಇಲಿಯಾಸನ ಅಂಗಡಿಯಲ್ಲಿ ಇವತ್ತಿಗೂ ಹೇಳಿಲ್ಲ. ಭಾಷೆ ಇಲ್ಲ, ಫೋನಿಲ್ಲ, ಕಾಲಲ್ಲಿ ಚಪ್ಪಲಿ ಇಲ್ಲ. ಬಾತ ಪಾದ. ಆ ದೇಶದಲ್ಲಿ ಬಲಕ್ಕೆ ಓಡಿಸಬೇಕು ಎಂಬುದನ್ನೇ ಮರೆತು ಎರಡು ಸಲ ಎಡಕ್ಕೆ ಹೊಡೆದೆ.

ದಂಡೆಗೆ ಬಂದಾಗ ನಾನು ಹೋಗಿ ಎರಡು ತಾಸಿನ ಮೇಲಾಗಿತ್ತು. ಈಜುವವರನ್ನು ಕಾಯುವ ಒಬ್ಬ ಕೆಂಪು ಚಡ್ಡಿಯವನು ನೀರಿನ ಹತ್ತಿರ ನಿಂತು, ದೂರ ಹೋದವರಿಗೆ ಸೀಟಿ ಊದುತ್ತಿದ್ದ. ಎರಡೆರಡು ಸಲ. ನನ್ನನ್ನು ಹೊರಡಿಸಿದ ಸೀಟಿ ಯಾರದು ಎಂದು ನನಗೆ ಅಲ್ಲಿಯೇ ಗೊತ್ತಾಯಿತು.

ಅಮೃತವ್ವ ಕಲ್ಲಿನ ಕಟ್ಟೆಯ ಮೇಲೆ ಕುಳಿತಿದ್ದಳು. ಕಾಲು ನೀಡಿ, ಸೆರಗು ಹೊದ್ದು. ಪಕ್ಕದಲ್ಲಿ ಯಾರೋ ಕೊಟ್ಟ ಅರ್ಧ ರೊಟ್ಟಿ, ಅವರ ನಮೂನೆಯ ಉದ್ದ ರೊಟ್ಟಿ. ನಾನು ಓಡಿಕೊಂಡು ಹೋಗಿ ಎದುರಿಗೆ ನಿಂತೆ. ಬಯ್ಯುತ್ತಾಳೆ, ಅಳುತ್ತಾಳೆ, ಎರಡಕ್ಕೂ ತಯಾರಾಗಿದ್ದೆ.

"ಜಲ್ದಿ ಬಂದ್ರಿ" ಅಂದಳು.

ನಾನು ಸೀಟಿಯ ಕಥೆ ಹೇಳಿದೆ. ಚಪ್ಪಲಿಯ ಕಥೆ ಹೇಳಿದೆ. ಆ ಕೆಂಪು ಚಡ್ಡಿಯವನನ್ನು ಬೆರಳು ಮಾಡಿ ತೋರಿಸಿದೆ.

"ಗೊತ್ತೈತ್ರಿ. ಅಂವ ಊದಿದ್ದು ನಾನೂ ಕೇಳ್ದೆ. ಗಾಡಿ ಹೊಂಟಿದ್ದೂ ನೋಡ್ದೆ."

"ಮತ್ತ ಕೂಗಬಾರದೇನ? ಸೀಟಿ ಕೊಳ್ಳಾಗ ಐತೆಲ್ಲ?"

"ಐತಿ."

"ಒಂದ ಸಲ ಊದಿದ್ರ ನಿಲ್ಲತಿದ್ನೆಲ್ಲ, ಅಮೃತಾ."

"ನಿಲ್ಲತಿದ್ರಿ." ಆಕೆ ಸೀಟಿಯನ್ನು ಬೆರಳಲ್ಲಿ ತಿರುವಿದಳು. "ಬಾಯಿತನಕ ತಂದಿದ್ದೆ. ಆದ್ರ ನಾ ಆಗಿನ್ನೂ ಬಂದು ಕುಂತಿದ್ದೆ. ಹತ್ತು ನಿಮಿಷಾನೂ ಆಗಿದ್ದಿಲ್ಲ."

ಹೆದರಿಕೆ ಆಗಲಿಲ್ಲೇನು ಎಂದು ಆಮೇಲೆ ಕೇಳಿದೆ. ಮೊದಲೊಂದೀಟು ಆತು ಅಂದಳು. ಆಮೇಲೆ ಕಾಲಿಗೆ ಬಿಸಿಲು ಹತ್ತಿತಂತೆ, ಒಬ್ಬ ಮುದುಕಿ ಬಂದು ಪಕ್ಕಕ್ಕೆ ಕುಳಿತು ಏನೋ ಕೇಳಿ, ಉತ್ತರಕ್ಕೆ ಕಾಯದೆ ರೊಟ್ಟಿ ಮುರಿದುಕೊಟ್ಟಳಂತೆ. ಇಬ್ಬರೂ ಸುಮ್ಮನೆ ಕುಳಿತಿದ್ದರಂತೆ. ನೀವು ಬರ್ತೀರಿ ಅನ್ನೋದು ಗೊತ್ತಿತ್ತು, ತಡಾ ಮಾಡಿ ಬರಲಿ ಅಂತ ಬೇಡಿಕೊಂಡೆ ಅಂದಳು. ಸಿಟ್ಟಿನಿಂದ ಅಂದಿದ್ದರೆ ನನಗೆ ಹಗುರಾಗುತ್ತಿತ್ತು. ದಣಿದವಳು ಹೇಳುವ ಹಾಗೆ, ದನಿ ಎತ್ತದೆ, ಸಮುದ್ರ ನೋಡುತ್ತ ಹೇಳಿದಳು.

"ಉಳದ ಊರು ನೀವು ನೋಡಿಕೊಂಡು ಬರ್ರಿ. ತಿರುಗಿ ಹೋಗೋ ಮುಂದ ನನ್ನ ಹತ್ತಿಸಿಕೊಳ್ರಿ. ಖರೆ ಹೇಳ್ತೀನ್ರಿ, ನನಗ ಏನೂ ಬ್ಯಾಸರ ಇಲ್ಲ."

ನಾನು ಗಾಡಿಯ ತನಕ ಹೋದೆ. ಇದನ್ನು ಮುಚ್ಚಿಡುವುದಿಲ್ಲ. ಕೀಲಿ ಕೈಯಲ್ಲಿತ್ತು, ಸೀಟಿನ ಮೇಲೆ ಟ್ರಿಪ್ ಶೀಟು ಇತ್ತು, ಅದರಲ್ಲಿ ಇನ್ನೂ ಹದಿಮೂರು ಊರು ಇದ್ದವು. ಗದಗದಲ್ಲಿ ಅಷ್ಟೂ ಮಂದಿ ಚಹಾದ ಕಪ್ಪು ಹಿಡಿದು ಕುಳಿತಿರುತ್ತಾರೆ. ಒಂದು ಕಾಲು ಮೆಟ್ಟಿಲ ಮೇಲೆ ಇಟ್ಟೆ, ಅಲ್ಲಿ ಚಪ್ಪಲಿ ಇದ್ದವು, ಸಡಿಲಾದ ಪಟ್ಟಿಯವು. ಅವನ್ನು ಎತ್ತಿಕೊಂಡೆ. ಮಡಚುವ ಕುರ್ಚಿ ಎರಡನ್ನೂ ಬಗಲಲ್ಲಿ ಇಟ್ಟುಕೊಂಡು ತಿರುಗಿ ಬಂದೆ.

ಕುರ್ಚಿ ಬಿಡಿಸಿ ಆಕೆಯನ್ನು ಕೂಡಿಸಿದೆ. ನಾನೂ ಕುಳಿತೆ. ಕುಳಿತ ಮೇಲೆ ಏನು ಮಾಡಬೇಕು ಎಂಬುದು ತಿಳಿಯಲಿಲ್ಲ. ಬಲಗಾಲು ತಾನಾಗೇ ಆಕ್ಸಿಲೇಟರ್ ಹುಡುಕುತ್ತಿತ್ತು. ವಾಚು ನೋಡಿದೆ, ನಾಕು ನಿಮಿಷ ಆಗಿತ್ತು. ಸಮುದ್ರದ ಬಗ್ಗೆ ಏನಾದರೂ ಹೇಳೋಣ ಎಂದು ಬಾಯಿ ತೆಗೆದೆ, ಅದು ನಾನು ಹೇಳುವುದಕ್ಕಿಂತ ದೊಡ್ಡದೇ ಇತ್ತು, ಮುಚ್ಚಿಕೊಂಡೆ.

ಬಿಸಿಲು ಇಳಿಯಿತು. ಬೂಟು ಬಿಚ್ಚಿದೆ. ಸಾಕ್ಸು ತೆಗೆದು ನೋಡಿದರೆ ನನ್ನ ಪಾದವೂ ಬಾತಿತ್ತು, ಆಕೆಯದಕ್ಕಿಂತ ಹೆಚ್ಚು. ಯಾವಾಗಿನಿಂದ ಬಾತಿದೆಯೋ ನನಗೇ ಖಬರಿಲ್ಲ. ಉಸುಕಿಗೆ ಊರಿದ ಕೂಡಲೇ ಅದರ ನೋವು ಮೊಳಕಾಲಿಗೆ, ಸೊಂಟಕ್ಕೆ, ಹೆಗಲಿಗೆ ಏರಿತು. ಕುರ್ಚಿಗೆ ಒರಗಿದೆ, ಏಳುವ ಶಕ್ತಿ ಇರಲಿಲ್ಲ.

ಅಷ್ಟರಲ್ಲಿ ಆಕೆಯೇ ಸೆರಗು ಝಾಡಿಸಿ ಎದ್ದಳು. ಮಬ್ಬಾತು, ಇವತ್ತಿಗೆ ನನಗ ಸಾಕಾತು, ಒಂದೀಟು ಅನ್ನ ಇಡ್ತೀನಿ, ನಡೀರಿ ಅಂದಳು.

"ನೀ ನಡಿ" ಎಂದೆ. "ನಾ ಇನ್ನೊಂದೀಟು ಕುಂಡರತೀನಿ."

ಆಕೆ ಒಂದು ಗಳಿಗೆ ನನ್ನ ಮುಖ ನೋಡಿದಳು. ಆಮೇಲೆ ತಿರುಗಿ ತನ್ನ ಕುರ್ಚಿಯಲ್ಲಿ ಕುಳಿತಳು.