ಬೀರುವಿನಲ್ಲಿದ್ದ ಫೋನು

ಚೆನ್ನೈನ ತ್ರಿಪ್ಲಿಕೇನಿನ ಅಂದಾನಿಯ ರಿಪೇರಿ ಅಂಗಡಿಗೆ ಪ್ರೇಮಮ್ಮ ತೀರಿಹೋದ ಗಂಡನ ಫೋನು ತಂದರು. ವರ್ಷದಿಂದ ಬೀರುವಿನಲ್ಲಿತ್ತು, ಆನ್ ಆಗುತ್ತಿರಲಿಲ್ಲ.

ಅಂದಾನಿ ಬಿಚ್ಚಿ ನೋಡಿದ. ಬ್ಯಾಟರಿ ಪೂರಿಯಂತೆ ಉಬ್ಬಿತ್ತು.

"ಇದು ಸತ್ತು ತಿಂಗಳುಗಳೇ ಆಗಿವೆಮ್ಮಾ," ಎಂದು ಹೊಸದನ್ನು ಹಾಕಿದ. ಪರದೆ ಬೆಳಗಿತು.

"ಅವರ ದನಿ ಏನಾದ್ರೂ ರೆಕಾರ್ಡ್ ಆಗಿದ್ಯಾ ನೋಡಪ್ಪಾ."

ಒಂದೇ ಒಂದಿತ್ತು. ತಾರೀಖು ಇವತ್ತಿನದು, ಸಮಯ ಬೆಳಿಗ್ಗೆ ಆರೂವರೆ. ಏನೋ ತಪ್ಪಿರಬೇಕು ಎಂದುಕೊಂಡು ಅಂದಾನಿ ಒತ್ತಿದ. ಕುಕ್ಕರ್ ಕೂಗಿತು. ಹಾಲಿನವನಿಗೆ ಅರ್ಧ ಲೀಟರ್ ಸಾಕೆಂದು ತಮಿಳಿನಲ್ಲಿ ಹೇಳುವ ಪ್ರೇಮಮ್ಮನ ದನಿ ಕೇಳಿಸಿತು. ಆಮೇಲೆ, ತೀರಾ ಹತ್ತಿರದಲ್ಲಿ, ಗಂಡಸೊಬ್ಬ ಕೆಮ್ಮಿದ.

"ಇವತ್ತು ಬೆಳಿಗ್ಗೆ ನಾನು ಆಡಿದ ಮಾತು," ಪ್ರೇಮಮ್ಮ ಪಿಸುಗುಟ್ಟಿದರು. "ಕೆಮ್ಮು ಅವರದ್ದೇ."

ಪ್ರೇಮಮ್ಮ ಫೋನನ್ನು ಅಲ್ಲೇ ಬಿಟ್ಟು, ಚಪ್ಪಲಿಯನ್ನೂ ಮೆಟ್ಟದೆ ಮನೆಯ ಕಡೆ ಓಡಿದರು.